ಜೇಡದ ಪಂಡಿತನಿಗೆ ಸಿಕ್ಕ ದೆವ್ವದ ಅಜ್ಜಿ

ಚಪ್ಪಟೆ ನೆತ್ತಿ, ಅಗಲ ಹಣೆ, ಕತ್ತಿನ ಎರಡೂ ಬದಿಗೆ ಬೋಲ್ಟು, ಅರ್ಧ ಮುಚ್ಚಿದ ರೆಪ್ಪೆ. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಆ ಕಪ್ಪುಬಿಳುಪು ಭಾವಚಿತ್ರವನ್ನು ಸಿನಿಮಾ ನೋಡದವರೂ ಎಲ್ಲಾದರೂ ಕಂಡಿರುತ್ತಾರೆ. ನಟ ಬೋರಿಸ್ ಕಾರ್ಲಾಫ್. ಮೇಕಪ್‌ನ ಜಾಕ್ ಪಿಯರ್ಸ್ ಅವನನ್ನು ಸುಮಾರು ನಾಲ್ಕು ಗಂಟೆ ಅಲುಗಾಡದಂತೆ ಕೂರಿಸಿ ರೆಪ್ಪೆಗೆ ಮೇಣ ಮೆತ್ತುತ್ತಿದ್ದ. ಕಾರ್ಲಾಫ್ ತನ್ನ ಕಟ್ಟುಹಲ್ಲು ತೆಗೆದಿಟ್ಟು ಕೆನ್ನೆಯನ್ನು ಗುಳಿ ಬೀಳಿಸಿಕೊಳ್ಳುತ್ತಿದ್ದ. ಮುಖಕ್ಕೆ ಬಳಿದದ್ದು ಹಸಿರು ಬೆರೆತ ಬೂದುಬಣ್ಣ. ಕಪ್ಪುಬಿಳುಪು ಫಿಲ್ಮಿನಲ್ಲಿ ಅದು ಹೆಣದ ಬಿಳಿಚಾಗಿ ಮೂಡುತ್ತಿತ್ತು. ಚಿತ್ರದ ಆರಂಭದ ಟೈಟಲ್‌ಗಳಲ್ಲಿ ಆ ಪಾತ್ರದ ಎದುರು ನಟನ ಹೆಸರೇ ಇಲ್ಲ, ಬರೀ ಒಂದು ಪ್ರಶ್ನೆಗುರುತು.

ಬಣ್ಣ ತೊಳೆದರೆ ಒಳಗಿದ್ದದ್ದು ಇಂಗ್ಲಿಷರಲ್ಲಿ ಕಾಣಸಿಗದ ಕಂದು ಮೈಬಣ್ಣ. ಹಾಲಿವುಡ್ ಅವನಿಗೆ ಅರಬರ, ರೆಡ್ ಇಂಡಿಯನ್ನರ ಪಾತ್ರ ಕೊಟ್ಟು ಸುಮ್ಮನಾಗಿತ್ತು. ನಿಜನಾಮ ವಿಲಿಯಂ ಹೆನ್ರಿ ಪ್ರಾಟ್, ಹುಟ್ಟಿದ್ದು 1887ರಲ್ಲಿ, ಲಂಡನ್ನಿನ ಕ್ಯಾಂಬರ್ವೆಲ್‌ನಲ್ಲಿ. ತಂದೆ ಹಿಂದೂಸ್ತಾನದ ಉಪ್ಪಿನ ಸುಂಕದ ಇಲಾಖೆಯ ನೌಕರ. ಆ ಕಂದು ಎಲ್ಲಿಂದ ಬಂತೆಂಬುದನ್ನು ಬಿಡಿಸಿದವನು ಸಿನಿಮಾದವನಲ್ಲ, ಜೇಡಗಳ ಮೇಲೆ ಪುಸ್ತಕ ಬರೆದ ಡಬ್ಲ್ಯು. ಎಸ್. ಬ್ರಿಸ್ಟೋ. ಅವನು ಹುಡುಕುತ್ತಿದ್ದದ್ದೂ ಕಾರ್ಲಾಫನನ್ನಲ್ಲ.

ಸಯಾಮಿನ ದೊರೆ ಮೊಂಗ್‌ಕುಟ್‌ನ ಮಕ್ಕಳಿಗೆ 1862ರಿಂದ ಪಾಠ ಹೇಳಿದ ಅನ್ನಾ ಲಿಯೊನೋವೆನ್ಸ್ ಹೆಸರು ‘ದಿ ಕಿಂಗ್ ಅಂಡ್ ಐ’ ಸಿನಿಮಾ ನೋಡಿದವರಿಗೆ ಗೊತ್ತು. ಅವಳ ಮಗ ಲೂಯಿ ಮುಂದೆ ಅಲ್ಲೇ ತೇಗದ ವ್ಯಾಪಾರಿಯಾದ. ಅವನ ಜೀವನ ಬರೆಯಹೊರಟ ಬ್ರಿಸ್ಟೋಗೆ ಬೇಕಿದ್ದದ್ದು ಒಂದು ಜನನ ಪತ್ರ, ಅಷ್ಟೇ. ಲಂಡನ್ನಿನಲ್ಲಿ ಹೆತ್ತೆ ಎಂದು ತಾಯಿ ಹೇಳಿಕೊಂಡಿದ್ದಳು. ಅಲ್ಲಿನ ದಾಖಲೆಯಲ್ಲಿ ಮಗುವಿನ ಹೆಸರೇ ಇಲ್ಲ! ಮಗು ಹುಟ್ಟಿದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ.

ಒಂದು ಎಳೆ ಜಗ್ಗಿದ್ದೇ ತಡ, ಬಲೆಯೆಲ್ಲ ಕೈಗೆ ಬಂತು. ತಾನು ವೇಲ್ಸಿನವಳು, ಅಪ್ಪ ಕ್ಯಾಪ್ಟನ್, ಗಂಡ ಮೇಜರ್, ಹುಲಿ ಬೇಟೆಗೆ ಹೋಗಿ ಸತ್ತ ಎಂದೆಲ್ಲ ಅನ್ನಾ ಹೇಳಿಕೊಂಡಿದ್ದಳು. ಗಂಡ ಅಸಲಿಗೆ ಗುಮಾಸ್ತ, ಪೆನಾಂಗ್‌ನಲ್ಲಿ ಹೋಟೆಲು ನಡೆಸುತ್ತ ತೀರಿಕೊಂಡವನು. ಅಪ್ಪ ಬರೀ ಸಾರ್ಜೆಂಟ್. ಅವಳು ಹುಟ್ಟಿದ್ದು 1831ರಲ್ಲಿ, ಅಹಮದ್‌ನಗರದ ದಂಡಿನಲ್ಲಿ. ಇಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಿದವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಆ ಕಾಲದಲ್ಲಿ ಮಿಶ್ರರಕ್ತದ ಹೆಣ್ಣು ನಿಜ ಹೇಳಿದ್ದರೆ ಅರಮನೆಯ ಬಾಗಿಲು ತೆರೆಯುತ್ತಿತ್ತೇ?

ಅನ್ನಾಳ ಅಕ್ಕ ಎಲೈಜಾ 1845ರಲ್ಲಿ, ಹದಿನೈದರ ಪ್ರಾಯದಲ್ಲಿ, ಗುಜರಾತಿನ ದೀಸಾದಲ್ಲಿ ಜೇಮ್ಸ್ ಮಿಲ್ಲರ್ಡ್ ಎಂಬ ಸೈನಿಕನನ್ನು ಮದುವೆಯಾದಳು. ಮಗಳು ಎಲೈಜಾ ಸಾರಾ 1864ರಲ್ಲಿ ಸೂರತ್ತಿನಲ್ಲಿ ಎಡ್ವರ್ಡ್ ಪ್ರಾಟ್‌ನ ಕೈಹಿಡಿದಳು. ಅವರ ಕೊನೆಯ ಮಗನೇ ಕಾರ್ಲಾಫ್. ಬ್ರಿಸ್ಟೋನ ಪುಸ್ತಕ ಬಂದದ್ದು 1976ರಲ್ಲಿ. ನಟ ತೀರಿಕೊಂಡು ಆಗಲೇ ಏಳು ವರ್ಷ.

ಇಷ್ಟೆಲ್ಲ ಗೊತ್ತಾದ ಮೇಲೆ ನಮ್ಮ ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿ ನನಗೆ ಬೇರೆಯಾಗಿ ಕಾಣುತ್ತದೆ. ಕಾವೇರಿ ದಂಡೆಯಲ್ಲಿ, ಹೆದ್ದಾರಿಯ ಸದ್ದಿಗೆ ಹತ್ತಿರದಲ್ಲೇ ಸುಮಾರು ಮುನ್ನೂರು ಗೋರಿಗಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಲ್ಲಿ ಠಿಕಾಣಿ ಹೂಡಿದ ದಂಡು ಜ್ವರಕ್ಕೆ ತತ್ತರಿಸಿ 1809ರಲ್ಲಿ ಬೆಂಗಳೂರಿಗೆ ಕಾಲು ಕಿತ್ತಿತು. ಸ್ವಿಸ್ಸರ ಡಿ ಮ್ಯೂರನ್ ರೆಜಿಮೆಂಟಿನವರೂ ಇಲ್ಲಿ ಮಣ್ಣಾಗಿದ್ದಾರೆ. ಅತ್ತ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಅಂಟಿದ್ದು ಹೈದರ್–ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳಿಂದ. ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ಹಿರಿಯರ ಬಾಯಲ್ಲಿ ಕೊಳ್ಳಿದೆವ್ವದ ಕತೆಗಳು ಬೇಕಾದಷ್ಟಿವೆ. ದಂಡಿನವರ ಮನೆಯೊಳಗೆ ಬದುಕಿದ ಈ ನೆಲದ ಹೆಂಗಸರ ಕತೆ ಒಂದೂ ಇಲ್ಲ.

ಎಲೈಜಾ–ಅನ್ನಾರ ತಾಯಿ ಮೇರಿ ಆನ್, ಬೊಂಬಾಯಿ ಸೈನ್ಯದ ಲೆಫ್ಟಿನೆಂಟ್ ಗ್ಲಾಸ್ಕಾಟ್‌ನ ಮಗಳು. ಆ ಮೇರಿಯನ್ನು ಹೆತ್ತವಳು ಈ ದೇಶದವಳೋ, ಮಿಶ್ರ ಸಂತಾನದವಳೋ ಇರಬೇಕೆಂದು ಸಂಶೋಧಕರ ಊಹೆ. ಗ್ಲಾಸ್ಕಾಟನ ಹೆಸರಿದೆ, ದರ್ಜೆಯಿದೆ, ರೆಜಿಮೆಂಟಿದೆ. ಅವಳ ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.