ಸಂಗಮದಲ್ಲಿ ಹುಟ್ಟು ಹಾಕುವವರು

ಬೆಳಗಿನ ಆರು ಗಂಟೆ. ಪುಣೆಯ ಸಂಗಮ ಸೇತುವೆಯ ಮೇಲೆ ಬಸ್ಸುಗಳ ಓಡಾಟ ಆಗಲೇ ಶುರುವಾಗಿದೆ. ಕೆಳಗೆ, ಮುಳಾ ಮತ್ತು ಮುಠಾ ನದಿಗಳು ಕೂಡುವ ಜಾಗದ ಪಕ್ಕ, ನಾಲ್ವರು ವಿದ್ಯಾರ್ಥಿಗಳು ಉದ್ದನೆಯ ದೋಣಿಯೊಂದನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ಇಳಿಯುತ್ತಾರೆ. ನೀರಿಗಿಟ್ಟ ದೋಣಿ ತುಸು ಓಲಾಡುತ್ತದೆ. ಒಬ್ಬೊಬ್ಬರಾಗಿ ಹತ್ತಿ ಕೂತು, ಪಾದಗಳನ್ನು ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. ಮರುಕ್ಷಣ ನಾಲ್ಕೂ ಹುಟ್ಟುಗಳು ಒಟ್ಟಿಗೆ ನೀರಿಗೆ ಬೀಳುತ್ತವೆ.

ನಮ್ಮ ಹಂಪಿಯ ಹರಿಗೋಲಿಗೂ ಈ ದೋಣಿಗೂ ಅಜಗಜಾಂತರ. ಹರಿಗೋಲು ಬುಟ್ಟಿಯಂತೆ ದುಂಡಗೆ. ಇದು ಭರ್ಜಿಯಂತೆ ನೀಳ. ಒಬ್ಬರೇ ಕೂರುವ ಪಂದ್ಯದ ದೋಣಿ ಸುಮಾರು 8 ಮೀಟರ್ ಉದ್ದ; ತೂಕ ಮಾತ್ರ 14 ಕಿಲೋ ಆಸುಪಾಸು. ಕೂರುವ ಮಣೆಗೆ ಗಾಲಿಗಳಿವೆ. ಕಾಲು ಒತ್ತಿದಂತೆ ಮಣೆ ಹಿಂದೆ ಸರಿಯುತ್ತದೆ, ದೋಣಿ ಮುನ್ನುಗ್ಗುತ್ತದೆ. ನೋಡುವವರಿಗೆ ತೋಳಿನ ಕೆಲಸದಂತೆ ಕಂಡರೂ ಹೆಚ್ಚಿನ ಬಲ ಬರುವುದು ಕಾಲಿನಿಂದ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಲಯ ತಪ್ಪದೆ ಒಬ್ಬರನ್ನೊಬ್ಬರು ನಂಬಿ ನಡೆಯುವುದೇ ಇಲ್ಲಿನ ಮೊದಲ ಪಾಠ.

ಪುಣೆಗೆ ಈ ಹವ್ಯಾಸ ಬಂದದ್ದು ಬ್ರಿಟಿಷರ ಕಾಲದಲ್ಲಿ. ರಾಯಲ್ ಕನಾಟ್ ಬೋಟ್ ಕ್ಲಬ್ಬಿನ ಮೂಲ 1868ರಷ್ಟು ಹಳೆಯದು. ಬೋಟ್ ಕ್ಲಬ್ ರಸ್ತೆಗೆ ಹೆಸರು ಬಂದದ್ದೂ ಅದರಿಂದಲೇ. ಆದರೆ ಊರಿನ ಜನ ತಮ್ಮದೆಂದುಕೊಂಡ ದೋಣಿ ಹಬ್ಬ ಎಂಜಿನಿಯರಿಂಗ್ ಕಾಲೇಜಿನದು. 1854ರಲ್ಲಿ ಆರಂಭವಾದ, ಸಿಒಇಪಿ ಎಂದೇ ಎಲ್ಲರೂ ಕರೆಯುವ ಈ ಸಂಸ್ಥೆಯಲ್ಲಿ 1928ರಲ್ಲಿ ರೆಗಾಟಾ ಶುರುವಾಯಿತು. ರೆಗಾಟಾದ ಸಂಜೆ ಚಪ್ಪಟೆ ತಳದ ಪಂಟ್ ದೋಣಿಗಳು ವ್ಯೂಹ ಕಟ್ಟುತ್ತವೆ, ಪುಟ್ಟ ಕಯಾಕ್‌ಗಳು ಸಂಗೀತಕ್ಕೆ ತಕ್ಕಂತೆ ನೀರಿನ ಮೇಲೆ ನರ್ತಿಸುತ್ತವೆ. ತಿಂಗಳುಗಟ್ಟಲೆ ನಸುಕಿನಲ್ಲಿ ಎದ್ದು ಕಲಿತದ್ದನ್ನು ಮಕ್ಕಳು ಊರಿನ ಮುಂದಿಡುವ ದಿನ ಅದು.

ಕನ್ನಡಿಗರಿಗೆ ಈ ಕಾಲೇಜು ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದ್ದು ಇಲ್ಲಿಯೇ, ದೋಣಿ ಹಬ್ಬಕ್ಕೂ ಬಹಳ ಮೊದಲು. ಮುಂದೆ ಮುಠಾ ನದಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟಕ್ಕೇರಿದರೆ ತಾನಾಗಿ ತೆರೆದು, ಪ್ರವಾಹ ಇಳಿದ ಮೇಲೆ ಮುಚ್ಚಿಕೊಳ್ಳುವ ಬಾಗಿಲುಗಳು ಅವು. ಮುಠೆಯ ನೀರಿಗೆ ಕನ್ನಡಿಗರೊಬ್ಬರ ಕೈ ತಾಗಿದ್ದು ಹೀಗೆ.

ಪುಣೆಯ ನೀರು ಬೆಳೆಸಿದವರಲ್ಲಿ ಇನ್ನೊಬ್ಬರು ದತ್ತು ಭೋಕನಾಳ್. ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯಲ್ಲಿ ತಂದೆಯೊಂದಿಗೆ ಬಾವಿ ತೋಡುತ್ತಿದ್ದ ಹುಡುಗ ಸೈನ್ಯ ಸೇರಿ, ಪುಣೆಯಲ್ಲಿ ಹುಟ್ಟು ಹಿಡಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೆಯವರಾದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದೊಂದಿಗೆ ಚಿನ್ನ ಗೆದ್ದರು. ಬಾವಿಯ ತಳದಲ್ಲಿ ನೀರು ಹುಡುಕಿದ ಕೈಗಳಿಗೆ ನೀರೇ ಕೊಟ್ಟ ಉಡುಗೊರೆ ಅದು.

ಆದರೆ ಸಂಗಮದ ನದಿ ಇಂದು ಬಳಲಿದೆ. ಊರಿನ ಚರಂಡಿ ನೀರು ಕುಡಿದು ಕೊಬ್ಬಿದ, ಪುಣೆಯವರು ಜಲಪರ್ಣಿ ಎನ್ನುವ ಕಳೆ ಬೇಸಿಗೆಯಲ್ಲಿ ಹಸಿರು ಚಾಪೆಯಂತೆ ಹರಡುತ್ತದೆ. ಸೇತುವೆಯ ಮೇಲೆ ಸ್ಕೂಟರಿನಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ದಾಟಿಬಿಡಬಹುದು. ದೋಣಿಯಲ್ಲಿ ಕೂತವರು ದಾಟಿಹೋಗುವುದು ಎಲ್ಲಿಗೆ? ಬೇರು ಹುಟ್ಟಿಗೆ ಸುತ್ತಿಕೊಳ್ಳುತ್ತದೆ, ವಾಸನೆ ಬಟ್ಟೆಗೆ ಅಂಟುತ್ತದೆ. ನದಿಯ ಆರೋಗ್ಯ ಅವರಿಗೆ ದಿನವೂ ಕೈಗೆ ತಾಗುವ ಸಂಗತಿ. ಆದ್ದರಿಂದಲೇ ನದಿಯೊಂದರ ಮೇಲೆ ದೋಣಿಗಳು ಉಳಿಯಬೇಕು. ನೀರಿಗಿಳಿಯುವವರೇ ಇಲ್ಲವಾದರೆ ನದಿಯ ಪರವಾಗಿ ಮಾತಾಡುವವರೂ ಕಡಿಮೆಯಾಗುತ್ತಾರೆ.

ಇದು ಪುಣೆಯೊಂದರ ಚಿಂತೆಯಲ್ಲ. ಸಂಗಮ ದಾಟಿದ ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರ ದಾಟಿ ನಮ್ಮ ಗಾಣಗಾಪುರ, ಸನ್ನತಿಗಳನ್ನು ಹಾದು ಕೃಷ್ಣೆಗೆ ಸೇರುತ್ತದೆ. ಅಭ್ಯಾಸ ಮುಗಿಸಿ ದಡಕ್ಕೆ ಬಂದ ಹುಡುಗರು ದೋಣಿಯನ್ನು ತೊಳೆದು, ಒರೆಸಿ ಒಳಗಿಡುತ್ತಾರೆ. ಅವರ ಹುಟ್ಟು ತಳ್ಳಿದ ನೀರು ಮಾತ್ರ ಕಲಬುರಗಿಯ ಹಾದಿ ಹಿಡಿದಿರುತ್ತದೆ.