ಹಳೆಯ ಮೋಟಾರ್ ಸೈಕಲ್ಲಿಗೆ ಯಾವ ದಾರಿ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನೆಲ ಡೊಂಕಾಗಿಯೇ ಇರಬೇಕು, ಡೊಂಕಿಲ್ಲದಿದ್ದರೆ ಆಟಕ್ಕೆ ಅರ್ಥವೇ ಇಲ್ಲ ಎನ್ನುವ ಕ್ರೀಡೆಯೊಂದು ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅದಕ್ಕೆ ಟ್ರಯಲ್ಸ್ ಎಂದು ಹೆಸರು. ಮೋಟಾರ್ ಸೈಕಲ್ ಪಂದ್ಯ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ವೇಗ. ಟ್ರಯಲ್ಸಿನಲ್ಲಿ ಸಾಮಾನ್ಯವಾಗಿ ವೇಗಕ್ಕೆ ಬೆಲೆಯಿಲ್ಲ. ಕಲ್ಲು, ಕೆಸರು, ತೊರೆ, ಮರದ ಬೇರು, ಕಡಿದಾದ ದಿಬ್ಬ, ಇವುಗಳ ನಡುವೆ ಕಾಲೂರದೆ, ನಿಲ್ಲದೆ, ಹೆಚ್ಚುಕಡಿಮೆ ನಡಿಗೆಯ ವೇಗದಲ್ಲಿ ವಾಹನವನ್ನು ದಾಟಿಸಬಲ್ಲವನೇ ಗೆಲ್ಲುವವನು. ಇಂಥ ಪಂದ್ಯಗಳಿಗೆ ಅರವತ್ತು ವರ್ಷಕ್ಕೂ ಹಳೆಯದಾದ ವಾಹನಗಳನ್ನು ತರುವ ಸವಾರರು ಇಂದು ಬಹಳ ಮಂದಿ ಇದ್ದಾರೆ. ಅವರೆದುರು ಪ್ರತಿ ಬಾರಿಯೂ ಏಳುವ ಪ್ರಶ್ನೆ ಒಂದೇ. ಸುಲಭ, ಮಧ್ಯಮ, ಕಠಿಣ ಎಂಬ ದಾರಿಗಳಲ್ಲಿ ನನಗೆ ತಕ್ಕದ್ದು ಯಾವುದು? ನೋಡುವುದಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಆ ದಿನದ ಸಂತೋಷ, ಸವಾರನ ಮೈಕೈ, ವಾಹನದ ಆಯುಷ್ಯ ಎಲ್ಲವೂ ಇದರ ಉತ್ತರವನ್ನೇ ಅವಲಂಬಿಸಿವೆ.

ಮೊದಲು ಆಟದ ಕ್ರಮವನ್ನು ನೋಡೋಣ. ಪಂದ್ಯದ ಹಾದಿಯಲ್ಲಿ ಅಲ್ಲಲ್ಲಿ ಕೆಲವು ಗಜಗಳಷ್ಟು ಉದ್ದದ ಕಷ್ಟದ ಜಾಗಗಳನ್ನು ಗುರುತು ಮಾಡಿರುತ್ತಾರೆ. ಇವನ್ನು ಘಟ್ಟಗಳು ಎಂದು ಕರೆಯೋಣ. ಪ್ರತಿಯೊಂದು ಘಟ್ಟದ ಬಳಿಯೂ ಒಬ್ಬ ವೀಕ್ಷಕ ನಿಂತಿರುತ್ತಾನೆ. ಕಾಲೂರದೆ ದಾಟಿದರೆ ದೋಷಾಂಕ ಸೊನ್ನೆ. ಒಮ್ಮೆ ಕಾಲೂರಿದರೆ ಒಂದು, ಎರಡು ಬಾರಿ ಊರಿದರೆ ಎರಡು, ಅದಕ್ಕಿಂತ ಎಷ್ಟು ಹೆಚ್ಚು ಬಾರಿ ಊರಿದರೂ ಮೂರು. ಬಿದ್ದರೆ, ಗುರುತಿನ ಎಲ್ಲೆ ಮೀರಿದರೆ, ದಾಟಲಾಗದೆ ಹೋದರೆ ಐದು. ಹಳೆಯ ವಾಹನಗಳ ಪಂದ್ಯಗಳಲ್ಲಿ ನಡುವೆ ನಿಂತುಬಿಡುವುದನ್ನೂ ಸಾಮಾನ್ಯವಾಗಿ ಸೋಲೆಂದೇ ಎಣಿಸಿ ಐದು ಕೊಡುತ್ತಾರೆ. ದಿನದ ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರೇ ಗೆದ್ದವರು. ಹೆಚ್ಚು ಗಳಿಸುವುದರಲ್ಲಿ ಅಲ್ಲ, ಕಡಿಮೆ ಕಳೆದುಕೊಳ್ಳುವುದರಲ್ಲಿ ಈ ಆಟದ ಸ್ವಾರಸ್ಯವಿದೆ.

ಒಂದೇ ಘಟ್ಟದೊಳಗೆ ಎರಡು ಮೂರು ದಾರಿಗಳನ್ನು ಬೇರೆ ಬೇರೆ ಬಣ್ಣದ ಗುರುತುಗಳಿಂದ ತೋರಿಸುವುದು ವಾಡಿಕೆ. ಕಠಿಣ ದಾರಿ ದೊಡ್ಡ ಬಂಡೆಯ ಮೇಲೆಯೇ ಹತ್ತಿ ಹೋದರೆ, ಮಧ್ಯಮ ದಾರಿ ಅದರ ಅಂಚನ್ನು ಸವರಿಕೊಂಡು ಹೋಗುತ್ತದೆ. ಸುಲಭದ ದಾರಿ ಬಂಡೆಯನ್ನು ಬಳಸಿಕೊಂಡು ಹೊಳೆಯ ಮಗ್ಗುಲಿಗೆ ಇಳಿಯುತ್ತದೆ. ಯಾವ ಬಣ್ಣ ಯಾವ ದಾರಿಗೆ ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾಗುವುದುಂಟು. ಆದ್ದರಿಂದ ಹೊಸ ಊರಿಗೆ ಹೋದ ಸವಾರ ಬಣ್ಣವನ್ನು ನಂಬದೆ ನೆಲವನ್ನು ನೋಡಬೇಕು. ಅನೇಕ ಕಡೆ ಹೆಸರು ಬರೆಸುವಾಗಲೇ ದಾರಿಯನ್ನೂ ಹೇಳಬೇಕಾಗುವುದರಿಂದ ಆಯ್ಕೆ ಹಿಂದಿನ ದಿನವೇ, ಮನೆಯಲ್ಲಿ ಕುಳಿತೇ ಆಗಿಬಿಡುತ್ತದೆ. ತೊಡಕಿನ ಮೂಲ ಇರುವುದೂ ಇಲ್ಲಿಯೇ. ಮನೆಯಲ್ಲಿ ಕುಳಿತಾಗ ನಮ್ಮೊಳಗಿನ ಅಭಿಮಾನ ಮಾತನಾಡುತ್ತದೆ. ಕೆಸರಿನಲ್ಲಿ ನಿಂತಾಗ ವಾಹನ ಮಾತನಾಡುತ್ತದೆ. ಎರಡೂ ಒಂದೇ ಮಾತನ್ನು ಹೇಳುವುದು ಅಪರೂಪ.

ವಾಹನದ ಮಾತನ್ನು ಕೇಳಬೇಕಾದರೆ ಅದರ ಕಾಲವನ್ನು ಅರಿತಿರಬೇಕು. ಈ ಕ್ರೀಡೆಯ ಹಿರಿಯ ಪಂದ್ಯಗಳಲ್ಲಿ ಒಂದಾದ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸಿನ ಮೂಲ 1909ರಷ್ಟು ಹಿಂದಕ್ಕೆ ಹೋಗುತ್ತದೆ. ದಶಕಗಳ ಕಾಲ ಅಲ್ಲಿ ಮೆರೆದವು ಬ್ರಿಟನ್ನಿನಲ್ಲಿ ತಯಾರಾದ ಭಾರವಾದ ಒಂಟಿ ಸಿಲಿಂಡರಿನ ವಾಹನಗಳು: ಏರಿಯಲ್, ಬಿ.ಎಸ್.ಎ., ಮ್ಯಾಚ್‌ಲೆಸ್, ರಾಯಲ್ ಎನ್‌ಫೀಲ್ಡ್. ಈ ಕೊನೆಯ ಹೆಸರು ನಮಗೆ ಅಪರಿಚಿತವಲ್ಲ. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿ ನಮ್ಮ ಊರುಗಳ ಬೀದಿಗಳಲ್ಲಿ ಗುಡುಗುಡಿಸಿದ ಬುಲೆಟ್ಟಿನ ಹಿಂಚಕ್ರದ ಸ್ಪ್ರಿಂಗಿನ ಏರ್ಪಾಡು ಮೊದಲು ಪರೀಕ್ಷೆಗೊಳಗಾದದ್ದು 1948ರಲ್ಲಿ, ಇಂಥ ಟ್ರಯಲ್ಸಿನ ಕಲ್ಲುಮುಳ್ಳಿನಲ್ಲಿಯೇ. ಜಾನಿ ಬ್ರಿಟನ್ ಎಂಬ ಸವಾರರು 1952ರಲ್ಲಿಯೂ 1957ರಲ್ಲಿಯೂ ಆರು ದಿನಗಳ ಪಂದ್ಯವನ್ನು ಗೆದ್ದದ್ದು ರಾಯಲ್ ಎನ್‌ಫೀಲ್ಡಿನ ಮೇಲೆ.

ಆಮೇಲೆ ಕಾಲ ತಿರುಗಿತು. ಸ್ಯಾಮಿ ಮಿಲ್ಲರ್ ಎಂಬ ಹೆಸರಾಂತ ಸವಾರರು 1964ರಲ್ಲಿ ಐನೂರು ಸಿ.ಸಿ.ಯ ಏರಿಯಲ್ ಮೇಲೆ ಆ ಪಂದ್ಯವನ್ನು ಗೆದ್ದರು. ಅದೇ ವರ್ಷದ ಕೊನೆಗೆ ಅವರು ಸ್ಪೇನಿನ ಬುಲ್ಟಾಕೊ ಕಂಪೆನಿಯನ್ನು ಸೇರಿ, ಅದರ ಅರ್ಧದಷ್ಟೇ ಸಿ.ಸಿ.ಯ ಹಗುರವಾದ ಟೂ-ಸ್ಟ್ರೋಕ್ ವಾಹನವೊಂದನ್ನು ರೂಪಿಸಲು ನೆರವಾದರು. ಮರುವರ್ಷ, 1965ರಲ್ಲಿ, ಅದೇ ಪಂದ್ಯವನ್ನು ಆ ಹೊಸ ವಾಹನದ ಮೇಲೆ ಗೆದ್ದರು. ಸವಾರ ಒಬ್ಬನೇ, ಬೆಟ್ಟಗಳೂ ಅವೇ, ಬದಲಾದದ್ದು ವಾಹನ. ಅಂದಿನಿಂದ ಘಟ್ಟಗಳನ್ನು ಹೂಡುವವರು ಹಗುರವಾದ ವಾಹನಗಳನ್ನು ಕಣ್ಣಮುಂದಿಟ್ಟುಕೊಂಡು ಹೂಡತೊಡಗಿದರು. ಇಂದಿಗೂ ಹಳೆಯ ವಾಹನಗಳನ್ನು ವಿಂಗಡಿಸುವಾಗ 1965ಕ್ಕೆ ಮುಂಚಿನವು ಎಂಬ ಗೆರೆ ಎಳೆಯುವುದರ ಹಿಂದೆ ಈ ಕಥೆಯಿದೆ. ಅನಂತರದ, ಹಿಂಚಕ್ರಕ್ಕೆ ಎರಡು ಸ್ಪ್ರಿಂಗುಗಳಿರುವ ಬುಲ್ಟಾಕೊ, ಮೊಂಟೆಸಾ, ಯಮಹಾ ಮೊದಲಾದವುಗಳದ್ದು ಇನ್ನೊಂದು ವರ್ಗ.

ಹಾಗಾದರೆ ಹಳೆಯ ವಾಹನಕ್ಕೆ ಯಾವುದು ಕಷ್ಟ, ಯಾವುದು ಸುಲಭ? ಇಂದಿನ ಟ್ರಯಲ್ಸ್ ವಾಹನದ ತೂಕ ಸುಮಾರು ಎಪ್ಪತ್ತು ಕಿಲೋಗ್ರಾಂ. ಹಳೆಯ ಬ್ರಿಟಿಷ್ ವಾಹನ ನೂರನ್ನು ಮೀರಿ ತೂಗುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು. ಹ್ಯಾಂಡಲ್ ತಿರುಗುವುದು ಕಡಿಮೆ. ಆದ್ದರಿಂದ ಇಕ್ಕಟ್ಟಿನ ತಿರುವಿನಲ್ಲಿ ಅದು ಎಲ್ಲೆಯ ಗುರುತನ್ನು ಮೀರಿಯೇ ಹೋಗುತ್ತದೆ. ಎಂಜಿನ್ನಿನ ಹೊಟ್ಟೆ ನೆಲಕ್ಕೆ ಹತ್ತಿರವಿರುವುದರಿಂದ ಎತ್ತರದ ಮೆಟ್ಟಿಲಿನಂಥ ಬಂಡೆ ಎದುರಾದಾಗ ಮುಂಚಕ್ರ ಹತ್ತಿದರೂ ಹೊಟ್ಟೆ ತಗಲಿ ವಾಹನ ಅಲ್ಲಿಯೇ ಕುಳಿತುಬಿಡುತ್ತದೆ. ಡ್ರಂ ಬ್ರೇಕಿಗೆ ನೀರು ತಗಲಿದರೆ ಹಿಡಿತ ಸಡಿಲುತ್ತದೆ. ಕ್ಲಚ್ಚನ್ನು ಅರೆಬರೆ ಹಿಡಿದು ಸವಾರಿ ಮಾಡುತ್ತ ಹೋದರೆ ಪ್ಲೇಟುಗಳು ಕಾದು ಜಾರುತ್ತವೆ.

ಇದಿಷ್ಟೇ ಆಗಿದ್ದರೆ ಹಳೆಯ ವಾಹನಕ್ಕೆ ಸುಲಭದ ದಾರಿಯೇ ಗತಿ ಎಂದು ಹೇಳಿ ಮಾತು ಮುಗಿಸಬಹುದಾಗಿತ್ತು. ಆದರೆ ಅದಕ್ಕೊಂದು ದೊಡ್ಡ ಗುಣವೂ ಇದೆ. ಅದರ ಎಂಜಿನ್ನಿನೊಳಗೆ ತೂಕವಾದ ಫ್ಲೈವೀಲ್ ತಿರುಗುತ್ತಿರುತ್ತದೆ. ಬಹು ನಿಧಾನದಲ್ಲಿಯೂ ಅದು ನಿಂತುಹೋಗದೆ, ಒಂದೊಂದೇ ಹೊಡೆತವನ್ನು ಎಣಿಸಬಹುದಾದಂತೆ, ಸಮನಾಗಿ ಎಳೆಯುತ್ತದೆ. ಹೀಗೆ ಮೆಲ್ಲಗೆ ಎಳೆಯುವಾಗ ಹಿಂಚಕ್ರ ಗರಗರನೆ ತಿರುಗಿ ಜಾರುವುದಿಲ್ಲ. ಟೈರು ಕೆಸರಿನ ತಳದ ಗಟ್ಟಿ ನೆಲವನ್ನು ಹುಡುಕಿ ಹಿಡಿಯುತ್ತದೆ. ಒದ್ದೆ ಹುಲ್ಲಿನ ಉದ್ದನೆಯ ಏರು, ಜೇಡಿಯ ಓಣಿ, ಉರುಟುಗಲ್ಲುಗಳ ತೊರೆ, ಇವುಗಳಲ್ಲಿ ಹಳೆಯ ವಾಹನ ಹೊಸದನ್ನು ನಾಚಿಸುವುದುಂಟು.

ಇಲ್ಲಿಯೇ ನಾವು ಗಮನಿಸಬೇಕಾದ ಮುಖ್ಯ ವಿಷಯವಿದೆ. ಕಷ್ಟವೆಂಬುದು ಒಂದೇ ಬಗೆಯದಲ್ಲ. ಎತ್ತರದ ಕಷ್ಟ ಬೇರೆ, ಇಕ್ಕಟ್ಟಿನ ಕಷ್ಟ ಬೇರೆ, ಜಾರಿಕೆಯ ಕಷ್ಟ ಬೇರೆ. ಹಳೆಯ ವಾಹನ ಜಾರಿಕೆಯನ್ನು ಸಹಿಸುತ್ತದೆ. ಎತ್ತರವನ್ನೂ ಇಕ್ಕಟ್ಟನ್ನೂ ಸಹಿಸುವುದಿಲ್ಲ. ಆದುದರಿಂದ ಸುಲಭ, ಮಧ್ಯಮ ಎಂಬ ಹಲಗೆಗಳನ್ನು ಓದಿದರೆ ಸಾಲದು. ಘಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಲು ಅವಕಾಶವಿದ್ದೇ ಇರುತ್ತದೆ. ಆಗ ಸವಾರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಕಲ್ಲಿನ ಮೇಲೆ ನನ್ನ ಎಂಜಿನ್ನಿನ ಹೊಟ್ಟೆ ಹಾಯುತ್ತದೆಯೇ? ಈ ತಿರುವಿನಲ್ಲಿ ನನ್ನ ಹ್ಯಾಂಡಲ್ ಅಷ್ಟು ಹೊರಳುತ್ತದೆಯೇ? ಇಲ್ಲಿ ಬಿದ್ದರೆ ಎಲ್ಲಿಗೆ ಬೀಳುತ್ತೇನೆ? ಮೊದಲೆರಡಕ್ಕೆ ಇಲ್ಲ ಎಂಬ ಉತ್ತರ ಬಂದರೆ ಎಂಥ ಜಾಣ ಸವಾರನೂ ಅದನ್ನು ಹೌದೆನಿಸಲಾರ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಪ್ಪತ್ತು ಕಿಲೋಗ್ರಾಂ ಕಾಲ ಮೇಲೆ ಬೀಳುವುದಕ್ಕೂ ನೂರಕ್ಕೂ ಮೀರಿದ ತೂಕ ಬೀಳುವುದಕ್ಕೂ ಇರುವ ಅಂತರವನ್ನು ಅರವತ್ತು ದಾಟಿದ ಮೂಳೆ ಮರೆಯುವುದಿಲ್ಲ.

ಇನ್ನು ಸವಾರನ ಕೌಶಲದ ಮಾತು. ಹತ್ತು ಘಟ್ಟಗಳನ್ನು ನಾಲ್ಕು ಬಾರಿ ಸುತ್ತುವ ಪಂದ್ಯವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಟ್ಟು ನಲವತ್ತು ಪರೀಕ್ಷೆಗಳು, ಹೆಚ್ಚೆಂದರೆ ಇನ್ನೂರು ದೋಷಾಂಕಗಳು. ಕಠಿಣ ದಾರಿಯನ್ನು ಹಿಡಿದವನೊಬ್ಬ ಇಪ್ಪತ್ತೈದು ಕಡೆ ಐದೈದು ಪಡೆದು ನೂರಿಪ್ಪತ್ತೈದಕ್ಕೆ ಮುಟ್ಟಿದ ಎನ್ನಿ. ಅವನು ಕಲಿತದ್ದೇನು? ಹೆಚ್ಚಿನ ಘಟ್ಟಗಳ ಎರಡನೆಯ ಅರ್ಧವನ್ನು ಅವನು ನೋಡಿಯೇ ಇಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ತೋಳು ಸೋತಿದೆ, ಫುಟ್‌ರೆಸ್ಟ್ ಬಾಗಿದೆ, ಅವನನ್ನು ಹಳ್ಳದಿಂದ ಎತ್ತುವುದಕ್ಕಾಗಿ ವೀಕ್ಷಕರು ಕೆಸರಿಗಿಳಿದಿದ್ದಾರೆ, ಹಿಂದಿನವರು ಸಾಲುಗಟ್ಟಿ ಕಾದಿದ್ದಾರೆ. ಇನ್ನೊಬ್ಬ ಸುಲಭದ ದಾರಿಯಲ್ಲಿ ನಲವತ್ತಕ್ಕೆ ನಲವತ್ತನ್ನೂ ಕಾಲೂರದೆ ಮುಗಿಸಿದ. ಅವನಿಗೆ ಬಹುಮಾನ ಬಂದಿರಬಹುದು. ಆದರೆ ಪರೀಕ್ಷೆಯೇ ನಡೆದಿಲ್ಲ. ಮೂರನೆಯವನು ಮಧ್ಯಮ ದಾರಿಯಲ್ಲಿ ಮೂವತ್ತು ಕಳೆದುಕೊಂಡ; ಅದರಲ್ಲಿ ಬಹುಪಾಲು ಒಂದು, ಎರಡು. ಎಲ್ಲಿ ಕಾಲೂರಿದೆ, ಏಕೆ ಊರಿದೆ ಎಂಬುದನ್ನು ಒಂದೊಂದಾಗಿ ಅವನು ಹೇಳಬಲ್ಲ. ಎರಡನೆಯ ಸುತ್ತಿನಲ್ಲಿ ತಪ್ಪಿದ್ದನ್ನು ಮೂರನೆಯದರಲ್ಲಿ ತಿದ್ದಿಕೊಂಡಿದ್ದಾನೆ.

ತಕ್ಕ ದಾರಿಯೆಂದರೆ ಈ ಮೂರನೆಯವನದು. ಅಳತೆಗೋಲು ಬೇಕೆನ್ನುವವರು ಹೀಗೆ ಇಟ್ಟುಕೊಳ್ಳಬಹುದು: ಹತ್ತು ಘಟ್ಟಗಳಲ್ಲಿ ಐದಾರು ಸ್ವಚ್ಛವಾಗಿ ದಾಟಬೇಕು, ಮೂರು ನಾಲ್ಕರಲ್ಲಿ ಕಾಲೂರಿದರೂ ಪಾರಾಗಬೇಕು, ಪೂರ್ತಿ ಸೋಲು ಒಂದಕ್ಕಿಂತ ಹೆಚ್ಚಾಗಬಾರದು. ಸೋಲು ಅದಕ್ಕೆ ಮೀರಿದರೆ ಮುಂದಿನ ಬಾರಿ ಒಂದು ಮೆಟ್ಟಿಲು ಕೆಳಗಿಳಿಯುವುದು ಲೇಸು. ಕಾಲೂರುವುದೇ ಇಲ್ಲವಾದರೆ ಒಂದು ಮೆಟ್ಟಿಲು ಮೇಲೇರಬೇಕು. ಅಲ್ಲಿಯೇ ಉಳಿದು ಹೊಸಬರ ಬಹುಮಾನ ಕಸಿಯುವುದು ಮರ್ಯಾದೆಯಲ್ಲ. ಮಳೆ ಬಂದ ದಿನ, ಮೈ ಸರಿಯಿಲ್ಲದ ದಿನ, ವಾಹನವನ್ನು ಆಗತಾನೇ ಬಿಚ್ಚಿ ಜೋಡಿಸಿರುವ ದಿನ ಈ ಲೆಕ್ಕ ಬದಲಾಗುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಮಾತು ಸರಿ. ಆದರೆ ಹಾಸಿಗೆ ದಿನಕ್ಕೊಂದು ಉದ್ದ ಎಂಬುದನ್ನು ಇಲ್ಲಿ ನೆನಪಿಡಬೇಕು.

ಆಯ್ಕೆ ತಪ್ಪಿದರೆ ಕೆಡುವುದು ಒಬ್ಬ ಸವಾರನ ದಿನ ಮಾತ್ರವಲ್ಲ. ಹಳೆಯ ವಾಹನದ ಮೇಲೆ ಕಠಿಣ ದಾರಿಯಲ್ಲಿಯೇ ಹೋಗಬೇಕೆಂದು ಹಟ ಹಿಡಿದವರು ಮೊದಲು ಇಗ್ನಿಷನ್ನನ್ನು ಬದಲಿಸುತ್ತಾರೆ. ಆಮೇಲೆ ಫೋರ್ಕಿನೊಳಗೆ ಹೊಸ ಕಾಲದ ಭಾಗಗಳನ್ನು ಇಡುತ್ತಾರೆ. ಕೊನೆಗೆ ಹಗುರವಾದ ಹೊಸ ಚೌಕಟ್ಟನ್ನೇ ಮಾಡಿಸುತ್ತಾರೆ. ಟ್ಯಾಂಕಿನ ಮೇಲಿನ ಹೆಸರು ಹಳೆಯದು, ಉಳಿದದ್ದೆಲ್ಲ ಹೊಸದು. ಇಂಥವರು ಘಟ್ಟಗಳನ್ನು ಲೀಲಾಜಾಲವಾಗಿ ದಾಟುವುದನ್ನು ಕಂಡ ಕ್ಲಬ್ಬಿನವರು ಮುಂದಿನ ವರ್ಷ ಘಟ್ಟಗಳನ್ನು ಇನ್ನಷ್ಟು ಬಿಗಿಮಾಡುತ್ತಾರೆ. ಆಗ ಇದ್ದ ವಾಹನವನ್ನು ಇದ್ದಂತೆಯೇ ಕಾಪಾಡಿಕೊಂಡು ಬಂದವನಿಗೆ ಜಾಗವೇ ಇರುವುದಿಲ್ಲ. ಅವನು ಜಗಳವಾಡುವುದಿಲ್ಲ; ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ಹಳೆಯ ವಾಹನಗಳಿಗೆಂದೇ ಹುಟ್ಟಿದ ಪಂದ್ಯದಿಂದ ಹಳೆಯ ವಾಹನವೇ ಹೊರಬಿದ್ದಂತಾಯಿತು. ಒಬ್ಬೊಬ್ಬ ಸವಾರನೂ ತನ್ನ ವಾಹನಕ್ಕೆ ಒಪ್ಪುವ ದಾರಿಯನ್ನು ಪ್ರಾಮಾಣಿಕವಾಗಿ ಆರಿಸಿಕೊಂಡರೆ ಈ ಸುತ್ತು ಆರಂಭವಾಗುವುದೇ ಇಲ್ಲ.

ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್ ಎಂಬ ಊರಿನಲ್ಲಿ, 1965ಕ್ಕೆ ಮುಂಚಿನ ಮಾದರಿಯ ವಾಹನಗಳಿಗಾಗಿಯೇ ಒಂದು ಪಂದ್ಯ 1984ರಲ್ಲಿ ಆರಂಭವಾಯಿತು. ಊರ ಮೇಲಿನ ಬೆಟ್ಟದಲ್ಲಿ ದಪ್ಪನೆಯ ನೀರಿನ ಕೊಳವೆಗಳ ಪಕ್ಕದಲ್ಲಿಯೇ ಬಂಡೆಗಳ ಕಡಿದಾದ ಏರೊಂದಿದೆ. ಪೈಪ್‌ಲೈನ್ ಎಂದೇ ಅದರ ಹೆಸರು. ಅದನ್ನು ಕಾಲೂರದೆ ಹತ್ತುವ ಆಸೆ ಯಾವ ಟ್ರಯಲ್ಸ್ ಸವಾರನಿಗೆ ಇಲ್ಲ? ಆ ಆಸೆ ತಪ್ಪಲ್ಲ. ಅದು ಇಲ್ಲದಿದ್ದರೆ ಆಟ ಬೆಳೆಯುವುದಿಲ್ಲ. ಆದರೆ ಅಲ್ಲಿಗೆ ಹೋಗುವ ಹಾದಿ ತನ್ನೂರಿನ ಮಧ್ಯಮ ದಾರಿಯ ಮೂಲಕವೇ, ಅಲ್ಲಿನ ಒಂದೊಂದು ದೋಷಾಂಕದ ಲೆಕ್ಕದ ಮೂಲಕವೇ ಹಾಯುತ್ತದೆ.

ಸಂಜೆ ಪಂದ್ಯ ಮುಗಿದಾಗ ಎರಡು ಸಂಗತಿಗಳನ್ನು ನೋಡಿಕೊಂಡರೆ ಸಾಕು. ವಾಹನ ಒಂದೇ ಒದೆತಕ್ಕೆ ಮತ್ತೆ ಹೊರಡುತ್ತದೆಯೇ? ಸವಾರನಿಗೆ ಮುಂದಿನ ಪಂದ್ಯ ಯಾವಾಗ ಎಂದು ಕೇಳುವ ಮನಸ್ಸಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅಂದು ಬೆಳಗ್ಗೆ ಆರಿಸಿದ ದಾರಿ ಸರಿಯಾದದ್ದೇ; ಅದರ ಬಣ್ಣ ಯಾವುದಾದರೇನು?

(ಬಾನುಲಿ ಭಾಷಣ)