ಪರದೇಶದ ಆಕಾಶದಲ್ಲಿ ಲಘು ವಿಮಾನ

ನೆಲಕ್ಕೆ ಗಡಿಗಳಿರುವಂತೆ ಆಕಾಶಕ್ಕೂ ಗಡಿಗಳುಂಟು. ಹಕ್ಕಿಗೆ ಅವುಗಳ ಹಂಗಿಲ್ಲ. ವಿಮಾನ ನಡೆಸುವ ಮಾನವನಿಗೆ ಉಂಟು. 1944ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ಆದ ಒಪ್ಪಂದವು, ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದ ಮೇಲಣ ಆಕಾಶಕ್ಕೆ ಪೂರ್ಣ ಒಡೆಯನೆಂದು ಸಾರಿತು. ಆದುದರಿಂದ ಪರದೇಶದಲ್ಲಿ ಹಾರಬಯಸುವವನು ಆ ಮನೆಯ ಅತಿಥಿಯೇ ಸರಿ.

ಆಡೂರಿನಂತಹ ಗ್ರಾಮದ ಶಾಲೆಯಲ್ಲಿ ಓದಿದ ತರುಣನೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಂತಹ ಸಂಸ್ಥೆಯನ್ನು ಸೇರಬಹುದು. ಖಾಸಗಿ ಚಾಲಕನ ಪರವಾನಗಿಗೆ 17 ವರ್ಷ ವಯಸ್ಸು, ಹತ್ತನೆಯ ತರಗತಿಯ ಉತ್ತೀರ್ಣತೆ, ಕನಿಷ್ಠ 40 ಗಂಟೆಗಳ ಹಾರಾಟ, ವೈದ್ಯಕೀಯ ಅರ್ಹತೆ ಹಾಗೂ ಪರೀಕ್ಷೆಗಳು ಅವಶ್ಯಕ. ಇಂತಹ ಪರವಾನಗಿಯುಳ್ಳವನು ಅಮೆರಿಕೆಯಲ್ಲಿ ನೆಲೆಸಿದ ಬಂಧುಗಳನ್ನು ಕಾಣಲು ಹೋಗಿ, ಅಲ್ಲಿ ಸಣ್ಣ ವಿಮಾನವನ್ನು ಬಾಡಿಗೆಗೆ ಪಡೆದು ಹಾರಬಯಸಿದನೆನ್ನೋಣ. ಅವನ ಭಾರತೀಯ ಪರವಾನಗಿಯೊಂದೇ ಸಾಲದು. ಏಕೆ?

ಇದರ ಮರ್ಮವು ವಿಮಾನದ ಮೈಮೇಲಿನ ಅಕ್ಷರಗಳಲ್ಲಿದೆ. ಭಾರತದಲ್ಲಿ ನೋಂದಾಯಿತವಾದ ವಿಮಾನಕ್ಕೆ 'ವಿ.ಟಿ.', ಅಮೆರಿಕೆಯದಕ್ಕೆ 'ಎನ್' ಎಂಬ ಗುರುತಿರುತ್ತದೆ. ವಿಮಾನವು ಯಾವ ದೇಶದ್ದೋ ಆ ದೇಶವು ಕೊಟ್ಟ ಅಥವಾ ಮಾನ್ಯಮಾಡಿದ ಪರವಾನಗಿಯೇ ಚಾಲಕನಲ್ಲಿರಬೇಕೆಂಬುದು ಸಾಮಾನ್ಯ ನಿಯಮ.

ಅಮೆರಿಕೆಯ ವಿಮಾನಯಾನ ಆಡಳಿತವು ವಿದೇಶೀ ಪರವಾನಗಿಯ ಆಧಾರದ ಮೇಲೆ ಖಾಸಗಿ ಚಾಲಕನ ಪತ್ರವನ್ನು ಕೊಡುತ್ತದೆ. ಅದಕ್ಕೆ ಮೊದಲು ಮೂಲ ಪರವಾನಗಿಯ ಸತ್ಯಾಸತ್ಯತೆಯನ್ನು ಅದನ್ನು ನೀಡಿದ ದೇಶದಿಂದಲೇ ತಿಳಿದುಕೊಳ್ಳುತ್ತದೆ. ಆದಕಾರಣ ಪ್ರಯಾಣಕ್ಕೆ ಕೆಲವು ತಿಂಗಳು ಮುಂಚೆಯೇ ಅರ್ಜಿ ಸಲ್ಲಿಸುವುದು ವಿವೇಕ. ಬಳಿಕ ಬೋಧಕನೊಡನೆ ಕನಿಷ್ಠ ಒಂದು ಗಂಟೆ ನೆಲದ ಮೇಲಿನ ಪಾಠ, ಒಂದು ಗಂಟೆ ಹಾರಾಟದ ಪರಿಶೀಲನೆ ಆಗಬೇಕು. ಇಂಗ್ಲಿಷನ್ನು ಓದಿ, ಬರೆದು, ಆಡಿ, ಅರಿಯುವ ಶಕ್ತಿಯೂ ಬೇಕು. ಮೂಲ ಪರವಾನಗಿ ರದ್ದಾದರೆ ಅದನ್ನು ಆಧರಿಸಿದ ಪತ್ರವೂ ನಿರುಪಯುಕ್ತವಾಗುತ್ತದೆ.

ಸ್ವಂತ ವಿಮಾನದಲ್ಲಿ ಗಡಿ ದಾಟುವವನ ಹೊಣೆ ಬೇರೆ. ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ಚಾಲಕನ ಪರವಾನಗಿ, ಪ್ರಯಾಣದ ದಿನಚರಿ, ರೇಡಿಯೋ ಇದ್ದಲ್ಲಿ ಅದರ ಪರವಾನಗಿ, ಇವು ವಿಮಾನದಲ್ಲಿಯೇ ಇರತಕ್ಕದ್ದು. ವಿದೇಶದಿಂದ ಬಂದವನು ನೇರವಾಗಿ ಜಕ್ಕೂರಿನಲ್ಲಿ ಇಳಿಯುವಂತಿಲ್ಲ. ಸುಂಕ ಹಾಗೂ ವಲಸೆ ತಪಾಸಣೆಯುಳ್ಳ ನಿಲ್ದಾಣದಲ್ಲಿ ಮೊದಲು ಇಳಿಯಬೇಕು.

ರೂಢಿಗಳೂ ದೇಶದಿಂದ ದೇಶಕ್ಕೆ ಭಿನ್ನ. ಎತ್ತರ ತೋರುವ ಯಂತ್ರವನ್ನು ವಾಯುಭಾರಕ್ಕೆ ಹೊಂದಿಸುವಾಗ ಭಾರತದಲ್ಲಿ ಹೆಕ್ಟೋಪಾಸ್ಕಲ್, ಅಮೆರಿಕೆಯಲ್ಲಿ ಪಾದರಸದ ಅಂಗುಲ ಬಳಕೆಯಲ್ಲಿವೆ. 1013.25 ಹೆಕ್ಟೋಪಾಸ್ಕಲ್ ಎಂಬುದೇ ಅಲ್ಲಿ 29.92 ಅಂಗುಲ. ಇದನ್ನರಿಯದವನು ತನ್ನ ಎತ್ತರವನ್ನೇ ತಪ್ಪಾಗಿ ತಿಳಿದಾನು. ಮೋಡ ಕವಿದ ಬೆಟ್ಟದ ಬಳಿ ಅದು ಪ್ರಾಣಾಂತಿಕ.

ಈ ಕಟ್ಟಳೆಗಳು ಅತಿಥಿಯ ಮೇಲಣ ಸಂಶಯದಿಂದ ಹುಟ್ಟಿದವಲ್ಲ. ಹಾರುವವನ ಜೀವದಂತೆಯೇ ಕೆಳಗೆ ಮಲಗಿರುವ ಊರಿನ ಜೀವಗಳನ್ನೂ ಅವು ಕಾಯುತ್ತವೆ. ವಿಮಾನ ನಡೆಸುವುದೂ ಒಂದು ಕಾಯಕವೇ; ಸಿದ್ಧತೆಯಲ್ಲಿನ ಪ್ರಾಮಾಣಿಕತೆಯೇ ಅದರ ಮೊದಲ ಮೆಟ್ಟಿಲು. ಇದನ್ನು ಮಕ್ಕಳಿಗೆ ಮನಗಾಣಿಸುವುದು ನಮ್ಮ ಶಾಲೆಗಳ ಕರ್ತವ್ಯವಾಗಿದೆ.